ಒಳಗ ಬಿಟ್ಟ ಎರಡು ಬೆರಳು

ಗುಳೇದಗುಡ್ಡದಾಗ ಖಣ ನೇಯೋರು ಬಹಳ,
ಖಣ ಹೊಲಿಯಾಕಿ ನಮ್ಮ ಓಣ್ಯಾಗ ನಾನೊಬ್ಬಾಕಿ.
ಹತ್ತೊಂಬತ್ತು ವರ್ಷದ ಅಳತಿ ಈ ವಹಿಯೊಳಗೈತಿ.
ಯಾರ ರಟ್ಟಿ ಎಷ್ಟು, ಯಾರ ಬೆನ್ನು ಎಷ್ಟು,
ಬಾಣಂತನ ಮುಗಿಸಿ ಬಂದಾಗ ಎಷ್ಟು,
ಗಂಡ ಸತ್ತ ವರ್ಷ ಎಷ್ಟು.

ಶ್ರಾವಣಕ್ಕ ಮುಂಚೆ ಸಮುದಾಯ ಭವನಕ್ಕ ತಪಾಸಣಿಯವರು ಬಂದ್ರು.
ತೂಕದ ಯಂತ್ರ, ಗ್ವಾಡಿಗೆ ಬಡಿದ ಪಟ್ಟಿ,
ಒಬ್ಬ ಹುಡುಗ, ಒಂದು ಕ್ಯಾಲ್ಕ್ಯುಲೇಟರ್.
ತೂಕಾನ ಎತ್ತರದಿಂದ ಎರಡು ಸಲ ಭಾಗಿಸ್ತಾನ,
ಬಂದದ್ದನ್ನ ಚೀಟಿ ಮ್ಯಾಲೆ ಬರೀತಾನ,
ಹಸಿರು ಇಲ್ಲಾ ಕೆಂಪು ಪೆನ್ನಿಲೆ ಸುತ್ತು ಹಾಕ್ತಾನ.
ಮುಗೀತು. ಮುಂದಿನವರು.

ಲಗಮವ್ವಗ ಮೂವತ್ತೆರಡು. ಕೆಂಪು.
ಹುಡುಗಿ ಇದ್ದಾಗಿಂದ ಕುಣಿಮಗ್ಗದಾಗ ಕುಂತು
ಕಾಲಿಲೆ ತುಳದು, ಕೈಲೆ ಲಾಳಿ ಎಳದು
ರಟ್ಟಿ ಹದಿನಾಲ್ಕು ಇಂಚು, ಒತ್ತಿದ್ರ ಬೆರಳು ಇಳಿಯಂಗಿಲ್ಲ.
ಬೊಜ್ಜು ಯಾವುದು, ದುಡಿಮಿ ಯಾವುದು
ಯಂತ್ರಕ್ಕ ಹೆಂಗ ತಿಳೀಬೇಕು?

ಸಂಕವ್ವಗ ಇಪ್ಪತ್ತೆರಡು. ಹಸಿರು.
ಚೀಟಿ ಮಡಚಿ ಕುಬಸದಾಗ ಇಟ್ಕೊಂಡು
ಓಣಿಗೆಲ್ಲಾ ತೋರಿಸಿ ಬಂದ್ಲು.

ಕೆಂಪಿನವರಿಗೆ ರೊಟ್ಟಿ ಎರಡೇ ಅಂತ ಹೇಳಿದ್ರು.
ಎರಡು ಅಂದ್ರ ಯಾರ ಎರಡು, ಅಂತ ಕೇಳಿದಾಕಿ ರಾಜೇಬಿ ಒಬ್ಬಾಕಿನ.
ಆಕಿ ಬಡಿಯೂದು ಹಪ್ಪಳದಂಥಾದ್ದು,
ಲಗಮವ್ವನ ಅತ್ತಿ ಬಡಿಯೂದು ಇಡೀ ಹಂಚು ಮುಚ್ಚೂವಂಥಾದ್ದು.
ಹುಡುಗ ನಕ್ಕ. ಕ್ಯಾಲ್ಕ್ಯುಲೇಟರ್ ಒರೆಸಿದ.

ಲಗಮವ್ವ ಒಂದಕ್ಕ ಇಳಿದ್ಲು,
ಆಮ್ಯಾಲೆ ಅರ್ಧಕ್ಕ.
ಶೇಂಗಾ ಹಿಂಡಿ ಮುಟ್ಟಲಿಲ್ಲ, ಬರೇ ಮಜ್ಜಿಗಿ.
ಇಪ್ಪತ್ತು ದಿನಕ್ಕ ಮಗ್ಗದ ಕುಣಿಯೊಳಗ ಕಣ್ಣು ಕತ್ತಲಿ ಬಂದು
ನೇಯ್ದ ಖಣದ ಮ್ಯಾಲೆ ಹಣಿ ಇಟ್ಟು ಬಿದ್ಲು.
ಆ ಖಣದಾಗ ಒಂದು ಎಳಿ ತಪ್ಪೇತಿ.

ಸಂಕವ್ವ ದೀಪಾವಳಿ ಕುಬಸಕ್ಕ ಬಂದ್ಲು.
ಟೇಪು ಹಿಡದೆ, ವಹಿ ತಗದೆ.
ರಟ್ಟಿ ಹೋದ ವರ್ಷ ಹತ್ತೂವರಿ, ಈಗ ಒಂಬತ್ತು.
ನಡು ಮೂವತ್ತೊಂದು ಇತ್ತು, ಈಗ ಮೂವತ್ನಾಲ್ಕು.
ಬಾಯಿ ಒಣಗತೈತೇನು, ರಾತ್ರಿ ಎಷ್ಟು ಸಲ ಏಳತಿ, ಅಂದೆ.
ನೀ ಟೇಲರ್ ಇದ್ದೀಯೋ ಡಾಕ್ಟರೋ,
ನಂದು ಹಸಿರೈತಿ, ಅಂದ್ಲು.

ಬಾಗಲಕೋಟಿ ದವಾಖಾನ್ಯಾಗ ಸಕ್ಕರಿ ಮುನ್ನೂರಾ ಹತ್ತು ಅಂದಾಗ
ಎಡಗಾಲಿನ ಹುಣ್ಣಿಗೆ ಒಂದು ತಿಂಗಳಾಗಿತ್ತು.

ನನ್ನ ಟೇಪು ಗೆದ್ದೈತಿ ಅಂತ ಹೇಳಾಕತ್ತಿಲ್ಲ.
ಎಳದ್ರ ಎಳೀತೈತಿ ಇದೂ,
ಮೊದಲ ಇಂಚು ತವದು ಹೋಗೇತಿ.
ಲಗಮವ್ವನ ಮೊಣಕಾಲು ಕಿರಗುಟ್ಟೂದು ಖರೆ,
ಮೆಟ್ಟಲಾ ಏರಿದ್ರ ತೇಕು ಹತ್ತೂದು ಖರೆ,
ಒಂದೀಟು ಇಳದ್ರ ಛಲೋ ಅಂತ ನನಗೂ ಅನಸತೈತಿ.
ಅದನ್ನ ಆಕಿ ಮಾರಿ ನೋಡಿ ಹೇಳೂದು ಹೆಂಗ,
ಯಾವ ಬಣ್ಣದ ಪೆನ್ನಿಲೆ, ಗೊತ್ತಿಲ್ಲ.
ನನ್ನ ನಡುನೂ ನಲವತ್ತೈತಿ. ಮಷಿನ್ ಮುಂದ ಕುಂತು ಬೆಳಸೀನಿ.

ಮೊದಲೆಲ್ಲಾ ಅಳತಿ ತಗೊಂಡು ಜೋರಾಗಿ ಒದರತಿದ್ದೆ,
ಮಗಳು ಬರಕೊಳ್ಳತಿದ್ಲು,
ಕಟ್ಟಿ ಮ್ಯಾಲೆ ಕುಂತ ಮಂದಿ ಕಿವಿಗೂ ಬೀಳತಿತ್ತು.
ಈಗ ಒದರೂದಿಲ್ಲ. ಸುಣ್ಣದ ಕಡ್ಡೀಲೆ ಅಂಗೈ ಮ್ಯಾಲೆ ಬರದು
ವಹಿಗೆ ಇಳಿಸಿ ಒರಸತೀನಿ.

ನಿನ್ನೆ ಲಗಮವ್ವ ಬಂದ್ಲು,
ಕೈಯಾಗ ತಾನ ನೇಯ್ದ ಖಣ, ಎಳಿ ತಪ್ಪಿದ್ದು,
ಸಾವಕಾರ ಒಲ್ಲೆ ಅಂತ ತಿರುಗಿ ಕೊಟ್ಟದ್ದು.
ಬಿಗಿ ಹೊಲಿ, ಇಳೀತೀನಿ, ಅಂದ್ಲು.
ಉಂಡೀಯೇನು, ಅಂದೆ.
ಮಾತಾಡಲಿಲ್ಲ.
ಡಬ್ಬಿ ತಗದು ರೊಟ್ಟಿ, ಪುಂಡಿಪಲ್ಲೆ ಮುಂದ ಇಟ್ಟೆ.
ಆಕಿ ತಿನ್ನೂತನಕ ಟೇಪು ಮುಟ್ಟಲಿಲ್ಲ,
ರೊಟ್ಟಿನೂ ಎಣಿಸಲಿಲ್ಲ.

ಕತ್ತರಿ ಹಾಕುವಾಗ, ಆಕಿಗೆ ಕಾಣದಂಗ,
ಒಳಗ ಎರಡು ಬೆರಳು ಜಾಸ್ತಿ ಬಿಟ್ಟೆ.
ಇಳದ್ರ ಇರಲಿ, ಏರಿದ್ರ ಬಿಚ್ಚೂಣಂತ.
ಎಳಿ ತಪ್ಪಿದ ಜಾಗ ಬಗಲಾಗ ಬರೂವಂಗ
ಖಣ ತಿರುವಿ ಇಟ್ಟೆ.