ಎರಡು ಹೆಜ್ಜಿ ಎಡಕ್ಕ

ಬಾಗಲಕೋಟಿ ನವನಗರದಾಗ
ನಮ್ಮ ಓಣಿಗೆ ಹೆಸರಿಲ್ಲ, ನಂಬರ ಐತಿ.
ಸೆಕ್ಟರ್, ಕ್ರಾಸು, ಪ್ಲಾಟು,
ಕೊರಿಯರ್ ಹುಡುಗಗ ಇಷ್ಟು ಸಾಕು.
ನಮಗೂ ಸಾಕಾಗಿತ್ತು, ಹ್ವಾದ ಚಳಿಗಾಲದ ತನಕ.

ದಾವಲಬಿ ಒಂದಿನ ನೋಟಬುಕ್ಕು ಹಿಡಕೊಂಡು ಬಂದ್ಲು:
"ನಾಟಕ ಮಾಡೂನು. ನೀರಾಗ ಹ್ವಾದ ಊರಿಂದು."
ಒಂಬತ್ತು ಮಂದಿ ಕೂಡಿದ್ವಿ.
ಪಿಯುಸಿ ಫೇಲಾದಾಂವ ಒಬ್ಬ, ಡಿಪ್ಲೊಮಾದವರು ಮೂವರು,
ಸಿಮೆಂಟ್ ಲಾರಿ ಮ್ಯಾಲಿನ ಕ್ಲೀನರ್ ಯಂಕಣ್ಣ,
ಹೊಲಿಗಿ ಅಂಗಡಿಯಿಂದ ನಾನು.
ನೀರು ಬಂದಾಗ ನಾವ್ಯಾರೂ ಹುಟ್ಟಿದ್ದಿಲ್ಲ.
"ಕಣ್ಣಿಲೆ ನೋಡದ ಊರ ಹ್ಯಾಂಗ ಕುಣಸ್ತೀರಿ?"
ಅಂದ ನಮ್ಮ ಕಾಕಾ, ಎಲಿಗೆ ಸುಣ್ಣ ಹಚ್ಚಿಕೋತ.

ಸುಣ್ಣ!
ದಾವಲಬಿ ನನ್ನ ಮಾರಿ ನೋಡಿದ್ಲು.

ಮನಿಮನಿ ತಿರುಗಿದ್ವಿ. ಒಂದು ಮನಿಯಾಗ ಚಹಾ,
ಒಂದು ಮನಿಯಾಗ ಬೈಗಳ.
ಸಕ್ರೆವ್ವ ಆಯಿ ಕೇಳಿದ್ದೊಂದ ಬಿಟ್ಟು ಎಲ್ಲಾ ಹೇಳಿದ್ಲು.
ಮೊಬೈಲಿನಾಗ ಹದಿನಾಲ್ಕು ತಾಸಿನ ದನಿ ಕೂಡಿತು,
ಅದರಾಗ ನಾಕು ತಾಸು ಬರೇ ಕೆಮ್ಮು, ಕುಕ್ಕರ್ ಸೀಟಿ,
"ಏ ಅದನ್ನ ಬರೀಬ್ಯಾಡ" ಅನ್ನೂದು.
ಅದನ್ನೆಲ್ಲಾ ತಗದು ನಾನು ಮಾತು ಬರದೆ:
"ಓ ಮುಳುಗಿದ ನಗರಿಯೇ, ನಿನ್ನ ಮಡಿಲೆಲ್ಲಿ?"
ನನಗ ಅದು ಭಾಳ ಚೊಲೋ ಅನಿಸಿತ್ತು.

ನೀರಿನ ಟಾಕಿಗೂ ರೇಷನ್ ಅಂಗಡಿಗೂ ನಡಕಿನ ಬಯಲು.
ಎರಡು ಚೀಲ ಸುಣ್ಣ.
ಎಳಿದ್ವಿ, ಇದ್ದಷ್ಟ ಉದ್ದ, ಇದ್ದಷ್ಟ ಅಗಲ:
ಓಣಿ, ಕಟ್ಟಿ, ಹಿಟ್ಟಿನ ಗಿರಣಿ, ಪಡಸಾಲಿ.
ಯಂಕಣ್ಣ ನಡುವ ಮೊಳಿ ಹೊಡದು
ಹಗ್ಗ ತಿರುವಿ ಬಾವಿ ತಗದ.
ಖಣದ ಚೂರು ಕೂಡಿಸಿ ನಾನು ಹೊಲದಿದ್ದ ಪರದೆ,
ಅದರ ಹಿಂದ ನಾನು. ನನ್ನ ಪಾತ್ರ ಬಾಗಿಲು.

ಸಂಜಿ ಏಳಕ್ಕ ಬಾಗಿಲು ತೆರೀತು.
"ಓ ಮುಳುಗಿದ..." ಅನ್ನೂದ್ರಾಗ
ಸಕ್ರೆವ್ವ ಖುರ್ಚಿ ಬಿಟ್ಟು ಎದ್ಲು:
"ಏ ಹುಡುಗಿ, ಬಾವಿ ಅಲ್ಲಿದ್ದಿಲ್ಲ.
ಎರಡು ಹೆಜ್ಜಿ ಎಡಕ್ಕ."

"ಎಡಕ್ಕ ಹ್ಯಾಂಗ ಬರತೈತಿ? ಎಡಕ್ಕ ನಮ್ಮ ಕಟ್ಟಿ!"
ಇಮಾಮಸಾಬ್ ಕಾಕಾ ಕೋಲು ಊರಿಕೋತ ಬಂದ.
ನೀರು ಮುಗಿಸಿದ್ದ ತಂಟೆ
ಹಿಡಿ ಸುಣ್ಣಕ್ಕ ಮತ್ತ ಎದ್ದು ಕುಂತಿತು.
ಒಬ್ಬರ ಹಿಂದ ಒಬ್ಬರು ಗೆರಿ ದಾಟಿ ಒಳಗ,
ಅವರವರ ಮನಿಯಾಗ ಅವರವರು.
ಶಾಮಿಯಾನಾದ ಖುರ್ಚಿ ಖಾಲಿ.
"ಸರಿಯವ್ವಾ, ನೀ ನಿಂತದ್ದು ನಮ್ಮ ಬಚ್ಚಲದಾಗ,"
ಯಾರೋ ನನಗ ಅಂದ್ರು.
ಒಂಬತ್ತೂ ಮಂದಿ ಹೋಗಿ ಖುರ್ಚಿ ಮ್ಯಾಲ ಕುಂತ್ವಿ.
ನಾ ಬರದ ಮಾತು ಕೈಯಾಗ ಹಂಗ ಉಳೀತು,
ಯಾರೂ ಕೇಳಲಿಲ್ಲ.

ನಗಿ, ಜಗಳ, ಇಲ್ಲದ ಒಲಿ ಮುಂದ ಊದೂದು.
ಅದರ ನಡುವ ನಾ ಕಂಡೆ:
ಗೆರಿಯೆಲ್ಲಾ ಮುಗದ ಮ್ಯಾಲ, ಚರಂಡಿ ಕಡೆ,
ದುರಗವ್ವ ಒಬ್ಬಾಕಿನ ನಿಂತಿದ್ಲು.
ಅವರ ಮನಿಗೆ ನಾವು ಹೋಗಿದ್ವಿ ಅಲ್ಲಾ?
ಇಲ್ಲ. ಹದಿನಾಲ್ಕು ತಾಸಿನಾಗ ಅಕಿ ದನಿ ಇದ್ದಿಲ್ಲ.
"ನಮ್ಮ ಕೇರಿ ಇಲ್ಲಿತ್ತು," ಅಂದ್ಲು, ಕಾಲ್ಬೆರಳಿಲೆ ನೆಲ ಒತ್ತಿ.
"ನಿಮ್ಮ ಸುಣ್ಣ ಇಲ್ಲಿತನ ಬರಲಿಲ್ಲೇನು?"

ಚೀಲ ಝಾಡಿಸಿದೆ. ಧೂಳು.
ಯಂಕಣ್ಣ ಮಾತಾಡಲಿಲ್ಲ, ಗಾಡಿ ಕಡೆ ಓಡಿದ.
ಹೊಳ್ಳಿ ಬಂದಾಗ ಹೆಗಲ ಮ್ಯಾಲ ಹರಕು ಚೀಲ,
ಅರ್ಧ ಸಿಮೆಂಟು.
ದುರಗವ್ವ ಮುಂದ, ಅಂವ ಹಿಂದ.
ಅಕಿ "ಹಿಂಗ" ಅಂದಲ್ಲಿ ತಿರುವು, "ಸಾಕು" ಅಂದಲ್ಲಿ ಗ್ವಾಡಿ.
ಹನ್ನೊಂದು ಮನಿ. ಒಂದು ಬೇವಿನ ಗಿಡ.
ಟಾಕಿಯ ನಲ್ಲಿ ರಾತ್ರಿಯೆಲ್ಲಾ ಅತ್ತ ಸೋರತಿತ್ತು,
ಯಾರ ಲಕ್ಷ್ಯಕ್ಕೂ ಬರಲಿಲ್ಲ.

ಸೋಮವಾರ ಗಾಳಿಗೆ, ಸಾಲಿ ಮಕ್ಕಳ ಕಾಲಿಗೆ
ಕಟ್ಟಿ ಹ್ವಾತು, ಗಿರಣಿ ಹ್ವಾತು, ಬಾವಿ ಹ್ವಾತು
(ಎಡಕ್ಕೋ ಬಲಕ್ಕೋ ಇನ್ನೂ ಬಗಿಹರಿದಿಲ್ಲ).
ಬೂದಿ ಬಣ್ಣದ ಕೇರಿ ಮಾತ್ರ
ನೀರು ಕುಡದು ಗಟ್ಟಿಯಾಗಿ ಕುಂತೈತಿ.
ರೇಷನ್ ತರಾಕ ಹೋಗೂ ಸ್ಕೂಟರು
ಅಲ್ಲಿ ಬಂದಾಗ ಸಣ್ಣಾಗಿ ಜಿಗೀತಾವ.