ಕೆಳಕೊಕ್ಕು

ಆಲೆಮನೆಯ ಹಿಂದೆ, ನಾಲೆಯ ಏರಿಗೆ ಬಾಗಿದ ಹೊಂಗೆಯಲ್ಲಿ
ಅದು ಕೂತಿದೆ. ಇಲ್ಲವೇ, ಇನ್ನೊಂದು.
ಕಬ್ಬಿನ ರಚ್ಚಿನ ಮೇಲೆ ಏಳುವ ನೊಣಕ್ಕೆ ಹಾರಿ
ಚಟಕ್ಕೆಂದು ಹಿಡಿದು
ಮತ್ತೆ ಅದೇ ಕೊಂಬೆ, ಅದೇ ಗೇಣು ಜಾಗ.

ಕಂದು ನೊಣಹಿಡುಕವೋ, ಕಂದೆದೆಯದೋ?
ಎರಡಕ್ಕೂ ಬೂದಿ ಮೆತ್ತಿದ ಬೆನ್ನು,
ಎರಡಕ್ಕೂ, ಕನ್ನಡಕ ತೆಗೆದಿಟ್ಟ ಮೇಷ್ಟರ ಹಾಗೆ,
ಕಣ್ಣ ಸುತ್ತ ಬಿಳಿ ಬಳೆ.
ಎರಡೂ ಚಳಿಗೆ ಬಂದು
ಬಿಸಿಲೇರುವಾಗ ಹೇಳದೆ ಹೋಗುವಂಥವು.

"ಕೊಕ್ಕಿನ ಕೆಳಗಡೆ ನೋಡಿ ಮೇಡಂ," ಅನ್ನುತ್ತಾನೆ ನಯಾಜ್,
ಪಾಂಡವಪುರದ ಗಡಿಯಾರ ರಿಪೇರಿಯವನು,
ಒಂದು ಕಣ್ಣು ಕಿರಿದು ಮಾಡಿಕೊಂಡೇ ಹುಟ್ಟಿದವನಂತೆ.
"ತುದಿ ಕಪ್ಪಿದ್ರೆ ಕಂದು.
ಪೂರ್ತಿ ಹಳದಿ, ಕಾಲೂ ಬಿಳಿಚಿದ್ರೆ ಆ ಇನ್ನೊಂದು."
ತುದಿ ಎಂದರೆ ಎಷ್ಟು? ಅರ್ಧ ಎಳ್ಳು.
ಶಾಯಿಯಲ್ಲಿ ಅದ್ದಿ ತೆಗೆದ ನಿಬ್ಬಿನ ಮೊನೆ.

ನಿಬ್ಬು ನನಗೆ ಗೊತ್ತು.
ಮಂಡ್ಯದ ಬ್ಯಾಂಕಿನಲ್ಲಿ ಇಪ್ಪತ್ತೊಂಬತ್ತು ವರ್ಷ
ಚೆಕ್ಕಿನ ಸಹಿಗೆ ಕಾರ್ಡಿನ ಸಹಿ ತಾಳೆ ನೋಡಿದವಳು.
ಕೊಂಬು ಎಲ್ಲಿ ಬಾಗುತ್ತೆ, ಒತ್ತಕ್ಷರ ಎಲ್ಲಿ ಜೋಲುತ್ತೆ;
ಅಣ್ಣನ ಹೆಸರನ್ನು ತಮ್ಮ ಹಾಕಿದರೆ
ಕೊನೆಯ ಗೀಟು ಬಂದು ಚಾಡಿ ಹೇಳುತ್ತಿತ್ತು.
ಒಂದೇ ಥರದ ಎರಡನ್ನು ಬಿಡಿಸುವುದು ಕೈಗೆ ಕುದುರಿತ್ತು.

ಆಮೇಲೆ ಬಂದಳು ಹನಕೆರೆಯ ಪುಟ್ಟಚೆನ್ನಮ್ಮ.
ಒಬ್ಬಳೇ ಹೆಂಗಸು, ಮೂರು ಚೆಕ್ಕು, ಮೂರು ಥರ ಸಹಿ.
ಮೂರನ್ನೂ ತಿರುಗಿಸಿ ಕಳಿಸಿದೆ.
ನಾಲ್ಕನೆಯ ಸಲ ಕೌಂಟರಿನ ಮೇಲೆ ಬಲಗೈ ಇಟ್ಟಳು.
ಹಕ್ಕಿ ಹಾರಿದ ಮೇಲೂ ರೆಂಬೆ ನಡುಗುವ ಹಾಗೆ
ಅದು ತನ್ನಷ್ಟಕ್ಕೆ ನಡುಗುತ್ತಿತ್ತು.
"ನಂದೇ ಕಣವ್ವ ಇದು.
ನಾನ್ ಹೇಳ್ದಂಗೆ ಕೇಳಕ್ಕಿಲ್ಲ, ಅಷ್ಟೆಯ."

ಹಕ್ಕಿ ತಿರುಗಿತು. ಗಲ್ಲಕ್ಕೆ ಬಿಸಿಲು ಬಿತ್ತು.
ಹಳದಿ, ಪಕ್ಕಾ ಹಳದಿ. ತುದಿಯಲ್ಲಿ ಮಾತ್ರ
ನೊಣದ ಒಂದು ರೆಕ್ಕೆ ಅಂಟಿತ್ತು, ಅಥವಾ ನೆರಳು, ಅಥವಾ ಕಪ್ಪು.
ಕೊಂಬೆಗೆ ಒರೆಸಿಕೊಂಡಿತು, ಈ ಕಡೆ, ಆ ಕಡೆ,
ಒರೆಸಿದ ಕೊಕ್ಕನ್ನು ನಮಗೆ ತೋರಿಸದೆ
ನಾಲೆ ದಾಟಿತು.

ನಯಾಜ್ ತಟ್ಟನೆ ಬರೆದ: ಕಂದೆದೆ, ಒಂದು.
ನನ್ನ ಪುಸ್ತಕದಲ್ಲಿ ತಾರೀಖು, ಹೊಂಗೆ, ಏಳೂ ನಲವತ್ತು.
ಹೆಸರಿನ ಜಾಗಕ್ಕೆ ಪೆನ್ನು ಊರಿದೆ, ಎತ್ತಿದೆ.
ಅಲ್ಲೊಂದು ಚುಕ್ಕೆ ಉಳಿದಿದೆ.
ಕೊಪ್ಪರಿಗೆ ಇಳಿಸುವ ಹೊತ್ತು; ಆಲೆಮನೆಯವರು
ಬನ್ರಕ್ಕ, ಬಿಸಿ ಬೆಲ್ಲ, ಅಂತ ಕೂಗುತ್ತಿದ್ದಾರೆ.