ಇನ್ನೂರ ಹದಿನೇಳನೆಯ ಸಾಲು

ಆಸ್ಪತ್ರೆಯ ಹಿಂಬದಿಯ ಕೋಣೆ. ಮಡಿಕೇರಿ.
ಕಿಟಕಿಯಾಚೆ ಮಂಜು, ಹತ್ತು ಗಂಟೆಗೂ ಟ್ಯೂಬ್‌ಲೈಟು.
ನನ್ನ ಕೆಲಸ ಇಷ್ಟೆ: ವರ್ಷಕ್ಕೆರಡು ಸಲ
ಒಂದೊಂದು ನಂಬರಿಗೂ ಫೋನು ಮಾಡಿ
ಇದ್ದಾರಾ ಎಂದು ಕೇಳುವುದು.
ಇದ್ದರೆ ಸೊನ್ನೆ. ಹೋಗಿದ್ದರೆ ಒಂದು.
ತಿರುಗುಮುರುಗು ಅಲ್ಲವೇ ಎಂದು ಮೊದಲ ದಿನ ಕೇಳಿದ್ದೆ.
'ಸಾವು ಒಂದು ಘಟನೆ, ಬೆಳ್ಯಪ್ಪ.
ಬದುಕಿರೋದನ್ನ ಘಟನೆ ಅಂತ
ಯಾರೂ ಬರೆದುಕೊಳ್ಳೋದಿಲ್ಲ'
ಅಂದಿದ್ದರು ಡಾಕ್ಟರ್ ದೇಚಮ್ಮ.

ಹತ್ತೊಂಬತ್ತು ವರ್ಷ ಅವರು ಲಿವರ್ ಕೊಯ್ದರು,
ಗಡ್ಡೆಯಾಚೆ ಒಂದು ಸೆಂಟಿಮೀಟರು ಒಳ್ಳೆಯ ಮಾಂಸವನ್ನೂ ಸೇರಿಸಿ.
ಕಪಾತು ಮಾಡಿದ ಕಾಫಿ ಗಿಡದ ಹಾಗೆ
ಕೊಯ್ದಷ್ಟೂ ಚಿಗುರುವ ಅಂಗವಂತೆ ಅದು.
ಚಿಗುರುವಾಗ ಕೆಲವೊಮ್ಮೆ ಗಡ್ಡೆಯೂ ಚಿಗುರುತ್ತದೆ,
ಅದೇ ತೊಂದರೆ.

ಯಾರಲ್ಲಿ ಚಿಗುರೀತು, ಯಾವಾಗ?
ಅವರ ಸಂಶೋಧನೆಯೆಲ್ಲ ಈ ಒಂದು ಪ್ರಶ್ನೆ.
ಅಲ್ಬುಮಿನ್, ಬಿಲಿರುಬಿನ್, ಗಡ್ಡೆಯ ಅಗಲ, ಹಳೆಯ ಕಾಮಾಲೆ,
ದಿನಕ್ಕೆಷ್ಟು ಪೆಗ್ಗು. ಇದಕ್ಕೆ ಮಾತ್ರ
ಗಂಡ ಹೇಳಿದ್ದನ್ನು ಹೆಂಡತಿಯ ಮುಖ ನೋಡಿ
ತಿದ್ದಿ ಬರೆಯುತ್ತಿದ್ದರು.
ಐದನ್ನೂ ಕೂಡಿಸಿ ಕಳೆದು
ಕೊನೆಗೊಂದು ಅಂಕಿ: ಇಷ್ಟು ತಿಂಗಳು.
ಅದನ್ನು ಪೆನ್ಸಿಲಿನಲ್ಲಿ ಬರೆಯುತ್ತಿದ್ದರು.
ಪೆನ್ನಿನಲ್ಲಿ ಬರೆದದ್ದು ನಾನು ನೋಡಿಲ್ಲ.

ಇನ್ನೂರ ಹದಿನೇಳು: ಮೇದಪ್ಪ, ಐವತ್ತೆರಡು, ಕಕ್ಕಬ್ಬೆ.
ಬಲ ಹಾಲೆಯಲ್ಲಿ ಏಳು ಸೆಂಟಿಮೀಟರು.
ಪೆನ್ಸಿಲು ಹೇಳಿತು: ಹದಿನಾಲ್ಕು.
ಹೊಲಿಗೆ ಬಿಚ್ಚಿದ ದಿನ ಒಂದು ಬಾಟಲಿ ಕಾಚಂಪುಳಿ
ಮೇಜಿನ ಮೇಲಿಟ್ಟು ಹೋದವನು
ಮತ್ತೆ ಬರಲಿಲ್ಲ. ಫೋನು ಎತ್ತಿದ್ದು ಹೆಂಡತಿ, ಚೋಂದವ್ವ.
'ಉಂಡ್' ಅಂದಳು. ಇದ್ದಾರೆ,
ಏಲಕ್ಕಿ ಕೊಯ್ಲಿಗೆ ಹೋಗಿದ್ದಾರೆ. ಸೊನ್ನೆ.
ಮುಂದಿನ ಸಲ: ಉಂಡ್, ಹೊಳೆ ಕಡೆ ಇಳಿದಿದ್ದಾರೆ. ಸೊನ್ನೆ.
ಉಂಡ್, ಈಗಷ್ಟೇ ಮಲಗಿದರು.
ಉಂಡ್, ವಿರಾಜಪೇಟೆಗೆ, ಮದುವೆಗೆ.
ಒಂಬತ್ತು ವರ್ಷ. ಹದಿನೆಂಟು ಸೊನ್ನೆ.

ಪರದೆಯ ಮೇಲೆ ಗೆರೆ ಮೆಟ್ಟಿಲಿಳಿಯುತ್ತದೆ,
ಒಬ್ಬರು ಹೋದರೆ ಒಂದು ಮೆಟ್ಟಿಲು.
ಬಾಲಕ್ಕೆ ಬರುವಾಗ ಉಳಿದವರು ನಾಲ್ಕೇ ಜನ,
ಗೆರೆಯನ್ನು ಹೆಗಲ ಮೇಲೆ ಹೊತ್ತು ನಿಂತವರು.
ಮೇದಪ್ಪ ಅವರಲ್ಲೊಬ್ಬ.
ಯಾವುದೋ ಸಮ್ಮೇಳನದಲ್ಲಿ ಯಾರೋ ಎದ್ದು
ನಿಮ್ಮ ಸೂತ್ರ ಇವನಲ್ಲಿ ತಪ್ಪಿದೆಯಲ್ಲ, ಎಂದರಂತೆ.
ಹೌದು, ತಪ್ಪಿದೆ, ಎನ್ನುವಾಗ
ಡಾಕ್ಟರು ನಕ್ಕರಂತೆ.

ಹೇಗೆ ಬದುಕಿದ, ರಕ್ತ ತಂದು ನೋಡೋಣ ಎಂದು
ಒಂದು ಮೇ ತಿಂಗಳು ಹೊರಟೆವು, ಐಸಿನ ಡಬ್ಬಿ ಹಿಡಿದು.
ನೆಲ್ಲಕ್ಕಿಯಲ್ಲಿ ದೀಪ. ದೀಪದ ಪಕ್ಕ ಫೋಟೋ.
ಫೋಟೋದ ಕೆಳಗೆ ತಾರೀಖು.
ಡಾಕ್ಟರು ಬೆರಳು ಮಡಿಸಿ ಎಣಿಸುವುದನ್ನು ನೋಡಿದೆ:
ಹದಿನಾಲ್ಕನೆಯ ತಿಂಗಳು.

ಚೋಂದವ್ವ ಬೆಲ್ಲದ ಕಾಫಿ ತಂದಳು.
'ಇದ್ದಾರಾ ಅಂತ ಕೇಳುವವರು ನೀವೊಬ್ಬರೇ.
ಬೇರೆಯವರಿಗೆಲ್ಲ ಗೊತ್ತಲ್ಲ.'
ನಾನು ಐಸಿನ ಡಬ್ಬಿಯನ್ನು
ಕಾಲಿನಿಂದ ಮೆಲ್ಲಗೆ ಬೆಂಚಿನಡಿ ತಳ್ಳಿದೆ.

ಅವರ ಪೆನ್ಸಿಲು ತಿಂಗಳಿಗೆ ತಿಂಗಳು ಸರಿಹೋದದ್ದು
ಅಷ್ಟೂ ವರ್ಷದಲ್ಲಿ ಅದೊಂದೇ ಸಲ.
ನಾಪೋಕ್ಲು ದಾಟುವವರೆಗೂ ಮಾತಿಲ್ಲ.
ರಾತ್ರಿ ಪತ್ರಿಕೆಗೆ ಬರೆದರು: ನಮ್ಮ ಲೇಖನದಲ್ಲಿ ತಪ್ಪಿದೆ, ತಿದ್ದಿ.
ಹದಿನಾಲ್ಕರಲ್ಲಿ ಹೊಸ ಮೆಟ್ಟಿಲು ಮೂಡಿತು,
ಅಲ್ಲಿಂದಾಚೆ ಗೆರೆಯೆಲ್ಲ ಕೂದಲೆಳೆಯಷ್ಟು ಕೆಳಗೆ.
ಬಾಲದಲ್ಲಿ ಮೂವರು.
ಸೊನ್ನೆಗಳನ್ನು ನಾನೇ ಒರೆಸಿ
ನಂಬರನ್ನೂ ತೆಗೆಯಲಾ, ಎಂದೆ.
'ಸಾಲು ತಿದ್ದು. ನಂಬರು ಇರಲಿ.'

ಅವರು ನಿವೃತ್ತರಾಗಿ ಎರಡು ವರ್ಷ.
ಕಾಚಂಪುಳಿ ಕಪಾಟಿನಲ್ಲೇ ಇದೆ, ಮುಚ್ಚಳ ತೆಗೆದಿಲ್ಲ.
ಜೂನಿನಲ್ಲಿ, ಡಿಸೆಂಬರಿನಲ್ಲಿ
ಪಟ್ಟಿಯೆಲ್ಲ ಮುಗಿದ ಮೇಲೆ ಇನ್ನೊಂದು ಕರೆ.
ಇದ್ದಾರಾ?
ಉಂಡ್, ಅನ್ನುತ್ತಾಳೆ. ಮೆಣಸು ಕೊಯ್ಸುತ್ತಿದ್ದಾರೆ.
ಬಿಸಿಲಿದೆಯಾ ಅಲ್ಲಿ, ಎಂದು ಕೇಳುತ್ತೇನೆ.
ಬರೆದುಕೊಳ್ಳುವುದಿಲ್ಲ.